ಫೈಲು ಉಬ್ಬಿತು, ಚಿತ್ರ ಚೆಂದ ಆಗಲಿಲ್ಲ

ಕ್ಯಾಮರಾದ ವಿಡಿಯೊವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಿದಾಗ ಫೈಲು ಏಳೆಂಟು ಪಟ್ಟು ಹಿಗ್ಗುವುದುಂಟು. ಹಿಗ್ಗಿದ್ದು ಚಿತ್ರದ ಗುಣವೆಂದು ನಂಬಿ ಮೂಲವನ್ನೇ ಅಳಿಸಿದ ಕೃಷಿಕನೊಬ್ಬನ ಅನುಭವ ಇಲ್ಲಿದೆ.

ನಮ್ಮದು ಕೇರಳದ ಗಡಿಗೆ ತಾಗಿದ ಗುಡ್ಡದ ಊರು. ಅಡಿಕೆ ತೋಟಕ್ಕೆ ನೀರು ಬರುವುದು ಸುರಂಗದಿಂದ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ನಿಂತು ನಡೆಯುವಷ್ಟು ಅಗಲಕ್ಕೆ ಜಂಬಿಟ್ಟಿಗೆ ಕಡಿದುಕೊಂಡು ಹೋಗುವ ಈ ನೀರಿನ ದಾರಿ ಕಾಸರಗೋಡು, ದಕ್ಷಿಣ ಕನ್ನಡದವರಿಗೆ ಹೊಸತಲ್ಲ. ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ಹರಿದು ಬಂದು ತೊಟ್ಟಿಗೆ ಬೀಳುತ್ತದೆ.

ನಮ್ಮ ಮೂರೂ ಸುರಂಗ ತೋಡಿದವರು ಪಕ್ಕದ ಗುಡ್ಡದ ಒಬ್ಬ ಅಜ್ಜ. 2013ರ ಬೇಸಗೆಯಲ್ಲಿ ಅವರಿಗೆ ಎಂಬತ್ತರ ಹತ್ತಿರ. ಪಿಕ್ಕಾಸು ಹಿಡಿಯುವುದು ಬಿಟ್ಟು ವರ್ಷಗಳಾಗಿದ್ದವು. ಆದರೆ ನೆನಪು ಗಟ್ಟಿ. ಎರಡು ವರ್ಷ ಹಿಂದೆ ಕೊಂಡ ವಿಡಿಯೊ ಕ್ಯಾಮರಾ ಮನೆಯಲ್ಲಿತ್ತು. ಮಗಳ ಮದುವೆಗೆಂದು ಕೊಂಡದ್ದು, ಆಮೇಲೆ ಕಪಾಟಿನಲ್ಲೇ ಕೂತಿತ್ತು. ಅದನ್ನು ಹಿಡಿದುಕೊಂಡು ಎರಡು ದಿನ ಅಜ್ಜನ ಹಿಂದೆ ನಡೆದೆ.

ಮೊದಲ ದಿನ ಅಂಗಳದಲ್ಲಿ ಕೂತು ಮಾತು. ಯಾರ ಜೊತೆ ಕೆಲಸ ಕಲಿತದ್ದು, ಎಷ್ಟು ಕೋಲು ತೋಡಿದ್ದು, ಕೂಲಿ ಹೇಗೆ. ಕೋಲು ಎಂದರೆ ಸುಮಾರು ಎರಡೂವರೆ ಅಡಿ, ಸುರಂಗ ಅಳೆಯುವುದು ಈಗಲೂ ಅದರಲ್ಲೇ. ಎರಡನೇ ದಿನ ಗುಡ್ಡ ಹತ್ತಿದೆವು. ನೀರಿರುವ ಜಾಗ ಗುರುತಿಸುವುದು ಹೇಗೆ, ಯಾವ ಮರ ನೋಡಬೇಕು, ಯಾವ ಮಣ್ಣು ಸಿಕ್ಕಿದರೆ ದಿಕ್ಕು ತಿರುಗಿಸಬೇಕು, ಒಳಗೆ ಉಸಿರು ಕಟ್ಟುವುದನ್ನು ದೀಪದ ಕುಡಿ ನೋಡಿ ಹೇಗೆ ತಿಳಿಯಬೇಕು – ಎಲ್ಲವನ್ನೂ ತೋರಿಸಿ ತೋರಿಸಿ ಹೇಳಿದರು. ಒಟ್ಟು ಎರಡು ಗಂಟೆ. 16 ಜಿಬಿಯ ಕಾರ್ಡು ಭರ್ತಿಯಾಯಿತು.

2016ರಲ್ಲಿ ಅಜ್ಜ ತೀರಿಕೊಂಡರು.

15 ಜಿಬಿ ಹೋಗಿ 110 ಜಿಬಿ

2022ರಲ್ಲಿ ನಮ್ಮ ಜಿಲ್ಲೆಯ ಅಮೈ ಮಹಾಲಿಂಗ ನಾಯ್ಕರಿಗೆ ಪದ್ಮಶ್ರೀ ಬಂತಲ್ಲ, ಸುರಂಗ ತೋಡಿ ಗುಡ್ಡದಲ್ಲಿ ತೋಟ ಮಾಡಿದವರಿಗೆ. ಆಮೇಲೆ ನಮ್ಮ ಕಡೆ ಸುರಂಗದ ಮಾತು ಮತ್ತೆ ಶುರುವಾಯಿತು. ಶಾಲೆಯ ಮೇಷ್ಟ್ರು ಬಂದು, 'ನಿಮ್ಮಲ್ಲಿ ಅಜ್ಜನ ವಿಡಿಯೊ ಉಂಟಂತೆ, ಮಕ್ಕಳಿಗೆ ಹತ್ತು ನಿಮಿಷ ತೋರಿಸಬಹುದಾ?' ಎಂದರು.

ಕಾರ್ಡಿನಲ್ಲಿ ಒಟ್ಟು ನಾಲ್ಕು ಫೈಲು, ಅರ್ಧ ಗಂಟೆಗೊಂದು. ಹೆಸರಿನ ಕೊನೆಗೆ ಎಂಟಿಎಸ್ ಎಂದಿತ್ತು. ಶಾಲೆಯ ಟಿವಿ ಅದನ್ನು ಮುಟ್ಟಲೇ ಇಲ್ಲ. ಪೇಟೆಯ ಸ್ಟುಡಿಯೊಕ್ಕೆ ಹೋದೆ. ಅಲ್ಲಿನ ಹುಡುಗ ನಾಲ್ಕನ್ನೂ ಬೇರೆ ರೂಪಕ್ಕೆ ಬದಲಿಸಿ, ಬೇಕಾದ ಭಾಗ ಕತ್ತರಿಸಿ ಜೋಡಿಸಿ, ಹತ್ತು ನಿಮಿಷದ ಚಿತ್ರ ಮಾಡಿ ಕೊಟ್ಟ. ಜೊತೆಗೆ ಬದಲಿಸಿದ ಪೂರ್ತಿ ಎರಡು ಗಂಟೆಯನ್ನೂ ನನ್ನ ಪೋರ್ಟೆಬಲ್ ಹಾರ್ಡ್‌ಡಿಸ್ಕಿಗೆ ಹಾಕಿದ.

ಮನೆಗೆ ಬಂದು ನೋಡಿದರೆ 110 ಜಿಬಿ! ಕೊಂಡುಹೋದದ್ದು 15 ಜಿಬಿಯ ಚಿಲ್ಲರೆ. ಏಳು ಪಟ್ಟು. ನನಗೆ ಖುಷಿಯೋ ಖುಷಿ. ಸ್ಟುಡಿಯೊದ ದೊಡ್ಡ ಕಂಪ್ಯೂಟರು ಚಿತ್ರವನ್ನು ಏಳು ಪಟ್ಟು ಒಳ್ಳೆಯದು ಮಾಡಿದೆ ಎಂದೇ ಎಣಿಸಿದೆ. ಆ ಹುಡುಗ, 'ಇದು ಕತ್ತರಿಸಲಿಕ್ಕೆ ಮಾಡಿಕೊಂಡದ್ದು, ಮೂಲ ಜಾಗ್ರತೆ ಇಟ್ಟುಕೊಳ್ಳಿ' ಎಂದದ್ದು ನಿಜ. ನನ್ನ ಕಿವಿಗೆ ಅದು ಹೋಗಲಿಲ್ಲ.

ಮೂಲ ಫೈಲುಗಳು ಲ್ಯಾಪ್‌ಟಾಪಿನಲ್ಲಿ ಇದ್ದವು. ಕಾರ್ಡನ್ನು ಖಾಲಿ ಮಾಡಿ ಮೊಮ್ಮಗನ ನಾಮಕರಣಕ್ಕೆ ಬಳಸಿಯಾಗಿತ್ತು. ಲ್ಯಾಪ್‌ಟಾಪಿನಲ್ಲೂ ಜಾಗ ಸಾಲದೆ ಬಂದಾಗ, 'ಒಳ್ಳೆಯದು ಹಾರ್ಡ್‌ಡಿಸ್ಕಿನಲ್ಲಿ ಉಂಟಲ್ಲ, ಇದು ಹಳತು' ಎಂದು ಮೂರನೆಯ, ನಾಲ್ಕನೆಯ ಫೈಲನ್ನು ಅಳಿಸಿದೆ. ಮೊದಲಿನ ಎರಡು ಬೇರೊಂದು ಫೋಲ್ಡರಿನಲ್ಲಿ ಇದ್ದವು. ಅವು ಉಳಿದದ್ದು ನನ್ನ ಜಾಣತನದಿಂದ ಅಲ್ಲ, ಮರೆವಿನಿಂದ.

ದೊಡ್ಡ ಫೈಲಿನ ಇನ್ನೊಂದು ಪ್ರತಿ ಮಾಡುವ ಯೋಚನೆ ಬಂದಿತ್ತು. ಮನೆಯಲ್ಲಿದ್ದ ಪೆನ್‌ಡ್ರೈವಿಗೆ ಹಾಕಲು ನೋಡಿದರೆ 'ಫೈಲು ತುಂಬ ದೊಡ್ಡದು' ಎಂದಿತು. ಇನ್ನೊಂದು ಹಾರ್ಡ್‌ಡಿಸ್ಕ್ ಕೊಂಡು ಮಾಡುವ ಎಂದು ಸುಮ್ಮನಾದೆ. 2023ರ ಮಳೆಗಾಲದಲ್ಲಿ ಒಂದು ರಾತ್ರಿ ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡುತ್ತಿರುವಾಗ ಕರೆಂಟು ಹೋಯಿತು. ಕತ್ತಲೆಯಲ್ಲಿ ಎದ್ದಾಗ ವಯರಿಗೆ ಕೈ ತಾಗಿ ಹಾರ್ಡ್‌ಡಿಸ್ಕ್ ಸಿಮೆಂಟು ನೆಲಕ್ಕೆ ಬಿತ್ತು. ತಿರುಗುತ್ತಿರುವಾಗ ಬಿದ್ದದ್ದು. ಆಮೇಲೆ ಕಟ್ ಕಟ್ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ರಿಪೇರಿಯವರಿಂದಲೂ ಏನೂ ಸಿಗಲಿಲ್ಲ.

ಅಂಗಳದ ಮಾತು ಉಳಿಯಿತು. ಗುಡ್ಡದ ಪಾಠ ಹೋಯಿತು. ಎರಡನೇ ದಿನದ್ದೆಂದು ಈಗ ಇರುವುದು ಶಾಲೆಯ ಚಿತ್ರದಲ್ಲಿ ಸೇರಿದ ನಾಲ್ಕು ನಿಮಿಷ ಮಾತ್ರ. ಅದರಲ್ಲಿ ಅಜ್ಜ ಒಂದು ಮರದ ಬುಡದಲ್ಲಿ ನಿಂತು ಕೈ ತೋರಿಸುತ್ತಾರೆ. ಯಾವ ಕಡೆಗೆ, ಯಾಕೆ ಎನ್ನುವ ಹೊತ್ತಿಗೆ ಚಿತ್ರ ಕತ್ತರಿಸಿದೆ.

ಅಳಿಯ ಕೇಳಿದ ಪುಸ್ತಕ

ಆ ವರ್ಷ ದೀಪಾವಳಿಗೆ ತಂಗಿಯ ಮಗ ಬೆಂಗಳೂರಿನಿಂದ ಬಂದಿದ್ದ. ಕಂಪ್ಯೂಟರಿನ ಕೆಲಸದವ. ನಾನು ಕಥೆ ಹೇಳಿ, 'ಆ ಏಳು ಪಟ್ಟು ಒಳ್ಳೆಯ ಚಿತ್ರ ಹೋಯಿತಲ್ಲ ಮಾರಾಯ' ಎಂದೆ.

'ಮಾವ, ಅದು ಏಳು ಪಟ್ಟು ಒಳ್ಳೆಯದು ಅಲ್ಲ. ಒಂದು ಕೂದಲೆಳೆಯೂ ಒಳ್ಳೆಯದು ಆಗಿರಲಿಲ್ಲ. ನಿಮ್ಮ ಕೆಲಸದವರ ಲೆಕ್ಕದ ಪುಸ್ತಕ ಒಮ್ಮೆ ಕೊಡಿ' ಎಂದ.

'ಅದು ಎಂತಕ್ಕೆ?'

'ಕೊಡಿ, ಹೇಳ್ತೇನೆ.'

ನನ್ನ ಪುಸ್ತಕದಲ್ಲಿ ತಿಂಗಳ ಮೊದಲ ದಿನ ಎಲ್ಲ ವಿವರ ಇರುತ್ತದೆ. ಗಂಡಾಳು ಎಷ್ಟು, ಹೆಣ್ಣಾಳು ಎಷ್ಟು, ಯಾವ ತೋಟ, ಏನು ಕೆಲಸ, ಕೂಲಿ ಎಷ್ಟು. ಮರುದಿನ 'ನಿನ್ನೆಯಂತೆ' ಎಂದು ಬರೆಯುತ್ತೇನೆ. ಅದರ ಮರುದಿನ 'ನಿನ್ನೆಯಂತೆ, ಒಬ್ಬರು ರಜೆ'. ಹೀಗೆ ಇಡೀ ವಾರ ಅರ್ಧ ಪುಟದಲ್ಲಿ ಮುಗಿಯುತ್ತದೆ. ಆದರೆ ಲೆಕ್ಕ ಪಕ್ಕಾ.

'ನಿಮ್ಮ ಕ್ಯಾಮರಾ ಮಾಡುವುದೂ ಇದನ್ನೇ' ಎಂದ ಅಳಿಯ.

ವಿಡಿಯೊ ಎಂದರೆ ಒಂದರ ಹಿಂದೊಂದು ಓಡುವ ಸ್ಥಿರಚಿತ್ರಗಳು. ನಮ್ಮ ದೇಶದಲ್ಲಿ ಮಾರಿದ ಅಂಥ ಕ್ಯಾಮರಾಗಳಲ್ಲಿ ಸೆಕೆಂಡಿಗೆ 25 ಚಿತ್ರ. ಒಂದೊಂದು ಚಿತ್ರಕ್ಕೆ ಫ್ರೇಮು ಎನ್ನುತ್ತಾರೆ. ಅಜ್ಜ ಅಂಗಳದಲ್ಲಿ ಕೂತು ಮಾತಾಡುವಾಗ ಗೋಡೆ ಅಲ್ಲಾಡುವುದಿಲ್ಲ, ಕಂಬ ಅಲ್ಲಾಡುವುದಿಲ್ಲ. ಬದಲಾಗುವುದು ತುಟಿ, ಕೈ, ಕಣ್ಣು ಮಾತ್ರ. ಕ್ಯಾಮರಾ ಒಂದು ಫ್ರೇಮನ್ನು ಪೂರ್ತಿ ಬರೆಯುತ್ತದೆ. ಮುಂದಿನದಕ್ಕೆ 'ಹಿಂದಿನಂತೆ, ಕೈ ಮಾತ್ರ ಇಷ್ಟು ಸರಿಯಿತು' ಎಂದು ಬರೆಯುತ್ತದೆ. ಅರ್ಧ ಸೆಕೆಂಡಿಗೋ ಒಂದೆರಡು ಸೆಕೆಂಡಿಗೋ ಒಮ್ಮೆ ಮತ್ತೆ ಹೊಸ ತಿಂಗಳಿನಂತೆ ಒಂದು ಪೂರ್ತಿ ಫ್ರೇಮು. ಹೀಗೆ ಒತ್ತಿ ಬರೆಯುವ ಮತ್ತು ತಿರುಗಿ ಬಿಡಿಸಿ ಓದುವ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ನನ್ನ ಕ್ಯಾಮರಾದ್ದು ಎಚ್.264. 2003ರಲ್ಲಿ ಬಂದ ವಿಧಾನ ಇದು. ಇದನ್ನೇ ಬಳಸಿ 2006ರಲ್ಲಿ ಸೋನಿ, ಪ್ಯಾನಸೋನಿಕ್ ಕಂಪೆನಿಗಳು ಎವಿಸಿಎಚ್‌ಡಿ ಎಂಬ ರೂಪ ತಂದವು. ಆ ಕಾಲದ ಮನೆಬಳಕೆಯ ಕ್ಯಾಮರಾಗಳು ಹೆಚ್ಚಿನವು ಅದರವೇ.

ಹಾಗಾದರೆ ಸ್ಟುಡಿಯೊದವ ಯಾಕೆ ಬದಲಿಸಿದ? ಅದಕ್ಕೂ ಪುಸ್ತಕದಲ್ಲೇ ಉತ್ತರ ಉಂಟು. 20ನೇ ತಾರೀಕು ಎಷ್ಟು ಆಳು ಇದ್ದರು ಎಂದು ನೋಡಿದರೆ ಅಲ್ಲಿ 'ನಿನ್ನೆಯಂತೆ' ಎಂದಿರುತ್ತದೆ. 19 ನೋಡಬೇಕು. ಅಲ್ಲೂ ಅದೇ. ಹಿಂದೆ ಹಿಂದೆ ಹೋಗಿ ಪೂರ್ತಿ ಬರೆದ ದಿನದಿಂದ ಎಣಿಸಿಕೊಂಡು ಬರಬೇಕು. ವಿಡಿಯೊವನ್ನು ನಡುವೆ ಕತ್ತರಿಸುವಾಗ ಕಂಪ್ಯೂಟರು ಪ್ರತಿ ಸಲವೂ ಇದೇ ಸರ್ಕಸ್ಸು ಮಾಡಬೇಕು. ಹಳೆಯ ಯಂತ್ರವಾದರೆ ಮುಗ್ಗರಿಸುತ್ತದೆ. ಅದಕ್ಕಾಗಿ ಎಡಿಟ್ ಮಾಡುವವರು ಮೊದಲು ಎಲ್ಲ ದಿನದ ಲೆಕ್ಕವನ್ನೂ ಬಿಡಿಸಿ ಪೂರ್ತಿ ಬರೆದುಕೊಳ್ಳುತ್ತಾರೆ. ಪ್ರತಿ ಫ್ರೇಮೂ ಸ್ವತಂತ್ರ. ಎಲ್ಲಿ ಬೇಕಾದರೂ ಕತ್ತರಿ ಹಾಕಬಹುದು. 2007ರಲ್ಲಿ ಆಪಲ್ ಕಂಪೆನಿ ತಂದ ಪ್ರೊರೆಸ್ ಇಂಥ ಒಂದು ರೂಪ. ನನ್ನ ಹಾರ್ಡ್‌ಡಿಸ್ಕಿನಲ್ಲಿ ಇದ್ದದ್ದೂ ಅದೇ.

ಅರ್ಧ ಪುಟದ ಲೆಕ್ಕ ನಾಲ್ಕು ಪುಟ ಆಯಿತು. ಹಾಗೆಂದು ತೋಟದಲ್ಲಿ ಒಬ್ಬ ಆಳೂ ಹೆಚ್ಚು ದುಡಿಯಲಿಲ್ಲ!

ಒಂದು ನಿಮಿಷದ ಲೆಕ್ಕ

ನಾವು ಕೃಷಿಕರಿಗೆ ಲೆಕ್ಕ ಕಣ್ಣಿಗೆ ಕಾಣಬೇಕು. ಅಳಿಯ ಅದೇ ಪುಸ್ತಕದ ಹಿಂದಿನ ಪುಟದಲ್ಲಿ ಬರೆದು ತೋರಿಸಿದ.

ಪೂರ್ಣ ಎಚ್‌ಡಿ ಚಿತ್ರ ಅಡ್ಡಕ್ಕೆ 1920, ನೀಟಕ್ಕೆ 1080 ಚುಕ್ಕಿ. ಗುಣಿಸಿದರೆ 20,73,600. ಪ್ರತಿ ಚುಕ್ಕಿಯ ಬೆಳಕಿಗೆ ಒಂದು ಬೈಟು. ಬಣ್ಣವನ್ನು ನಾಲ್ಕು ನಾಲ್ಕು ಚುಕ್ಕಿಗಳು ಹಂಚಿಕೊಳ್ಳುವುದರಿಂದ ಚುಕ್ಕಿಗೆ ಅರ್ಧ ಬೈಟು. ಒಟ್ಟು ಒಂದೂವರೆ. ಅಂದರೆ ಒಂದು ಫ್ರೇಮಿಗೆ 31 ಲಕ್ಷ ಬೈಟಿನಷ್ಟು, 3.1 ಎಂಬಿ. ಸೆಕೆಂಡಿಗೆ 25 ಆದಾಗ ಸುಮಾರು 78 ಎಂಬಿ. ನಿಮಿಷಕ್ಕೆ 4,666 ಎಂಬಿ. ಏನೂ ಒತ್ತದೆ ಹಾಗೆಯೇ ಇಟ್ಟರೆ ಇಷ್ಟು ಬೇಕು. ಇದನ್ನು ಇಟ್ಟುಕೊಂಡು ಉಳಿದದ್ದನ್ನು ಹೋಲಿಸಿ:

• ನನ್ನ ಕ್ಯಾಮರಾ ಬರೆದದ್ದು (ಸೆಕೆಂಡಿಗೆ 17 ಮೆಗಾಬಿಟ್): ನಿಮಿಷಕ್ಕೆ ಸುಮಾರು 128 ಎಂಬಿ. ಎರಡು ಗಂಟೆಗೆ 15 ಜಿಬಿ ಚಿಲ್ಲರೆ.

• ಪ್ರೊರೆಸ್ 422 (ಸೆಕೆಂಡಿಗೆ 122 ಮೆಗಾಬಿಟ್): ನಿಮಿಷಕ್ಕೆ ಸುಮಾರು 915 ಎಂಬಿ. ಎರಡು ಗಂಟೆಗೆ 110 ಜಿಬಿ.

• ಏನೂ ಒತ್ತದೆ: ನಿಮಿಷಕ್ಕೆ ಸುಮಾರು 4,666 ಎಂಬಿ. ಎರಡು ಗಂಟೆಗೆ 560 ಜಿಬಿ.

ಎಂಟು ಬಿಟ್ ಸೇರಿ ಒಂದು ಬೈಟು. ಹಾಗಾಗಿ ಸೆಕೆಂಡಿನ ಮೆಗಾಬಿಟ್ ಲೆಕ್ಕವನ್ನು ಎಂಟರಿಂದ ಭಾಗಿಸಿ ಅರವತ್ತರಿಂದ ಗುಣಿಸಿದರೆ ನಿಮಿಷದ ಎಂಬಿ ಸಿಗುತ್ತದೆ. ಈ ಸೆಕೆಂಡಿನ ಲೆಕ್ಕಕ್ಕೆ ಬಿಟ್ ರೇಟ್ ಎನ್ನುತ್ತಾರೆ. ಫೈಲಿನ ಗಾತ್ರ ನಿಂತಿರುವುದು ಎರಡೇ ವಿಷಯದ ಮೇಲೆ – ಬಿಟ್ ರೇಟ್ ಎಷ್ಟು, ಎಷ್ಟು ಹೊತ್ತಿನ ಚಿತ್ರ. ಬೇರೆ ಎಲ್ಲವೂ ಬಿಟ್ ರೇಟಿನ ಒಳಗೇ ಬಂತು.

ಬೆಲ್ಲಕ್ಕೆ ನೀರು ಹಾಕಿದ ಹಾಗೆ

'ಆದರೂ ಏಳು ಪಟ್ಟು ಜಾಗದಲ್ಲಿ ಸ್ವಲ್ಪವಾದರೂ ಹೆಚ್ಚು ವಿವರ ಇರಬೇಕಲ್ಲ?' ಎಂದು ನಾನು ಬಿಡಲಿಲ್ಲ.

ಇರುವುದಿಲ್ಲ. ಕಾರಣ, ಕ್ಯಾಮರಾ ಬರೆಯುವಾಗಲೇ ಸ್ವಲ್ಪ ವಿವರವನ್ನು ಬಿಟ್ಟಿರುತ್ತದೆ. 4,666 ಎಂಬಿಯದ್ದನ್ನು 128ಕ್ಕೆ ಇಳಿಸುವುದು 'ನಿನ್ನೆಯಂತೆ' ಎನ್ನುವುದರಿಂದ ಮಾತ್ರ ಆಗುವ ಕೆಲಸ ಅಲ್ಲ. ನಮ್ಮ ಕಣ್ಣು ಅಷ್ಟಾಗಿ ಗಮನಿಸದ ನಯವಾದ ವ್ಯತ್ಯಾಸಗಳನ್ನು ಅದು ಕೈಬಿಡುತ್ತದೆ. ಬಿಟ್ಟದ್ದು ಬಿಟ್ಟ ಹಾಗೆ, ಆಮೇಲೆ ಯಾವ ಕಂಪ್ಯೂಟರಿಗೂ ಅದು ಸಿಗುವುದಿಲ್ಲ.

ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡಿದೆವು ಎನ್ನಿ. ಬೆಲ್ಲಕ್ಕೆ ಒಂದು ಕೊಡ ನೀರು ಹಾಕಿ ಕರಗಿಸಿದರೆ ಕೊಡ ತುಂಬುತ್ತದೆ. ಆದರೆ ಅದು ಕಬ್ಬಿನ ಹಾಲು ಆಗುವುದಿಲ್ಲ, ಬೆಲ್ಲದ ನೀರೇ. ಪಾತ್ರೆ ಮಾತ್ರ ದೊಡ್ಡದು ಬೇಕಾಯಿತು.

ಇದರ ಉಲ್ಟಾ ಮಾತು ಸತ್ಯ. ಇನ್ನೊಮ್ಮೆ ಒತ್ತಿದರೆ ಇನ್ನಷ್ಟು ವಿವರ ಹೋಗುತ್ತದೆ. ವಾಟ್ಸಾಪಿನಲ್ಲಿ ವಿಡಿಯೊವಾಗಿ ಕಳಿಸಿದ್ದು ಮಸುಕಾಗುವುದು ಹಾಗೆ. ಡಾಕ್ಯುಮೆಂಟ್ ಎಂದು ಸೇರಿಸಿ ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ. ಒಟ್ಟಿನಲ್ಲಿ ಬದಲಾವಣೆ ಎನ್ನುವುದು ಚಿತ್ರವನ್ನು ಮೂಲಕ್ಕಿಂತ ಮೇಲೆ ಒಯ್ಯುವುದಿಲ್ಲ. ಹೆಚ್ಚೆಂದರೆ ಇದ್ದಲ್ಲಿಯೇ ಇಡುತ್ತದೆ.

ಉಬ್ಬಲು ಇನ್ನೂ ಕಾರಣ ಉಂಟು

ನನ್ನದು ಎಡಿಟಿಂಗ್ ರೂಪದ ಕಥೆ. ಆಮೇಲೆ ಊರಿನ ನಾಲ್ಕಾರು ಮಂದಿ ತಮ್ಮ ತಮ್ಮ ಅನುಭವ ಹೇಳಿದರು. ಎಲ್ಲರ ಫೈಲೂ ಉಬ್ಬಿದ್ದೇ, ಕಾರಣ ಮಾತ್ರ ಬೇರೆ ಬೇರೆ.

ಹೊಸ ಫೋನು, ಹಳೆಯ ರೂಪ: ಈಗಿನ ಅನೇಕ ಫೋನುಗಳು ಬರೆಯುವುದು ಎಚ್.265ರಲ್ಲಿ. ಎಚ್‌ಇವಿಸಿ ಎಂಬುದೂ ಅದೇ. 2013ರಲ್ಲಿ ಬಂದ ಈ ವಿಧಾನ, ಅದೇ ಗುಣದ ಚಿತ್ರವನ್ನು ಎಚ್.264ರ ಸುಮಾರು ಅರ್ಧ ಜಾಗದಲ್ಲಿ ಕೂರಿಸುತ್ತದೆ. ಐಫೋನಿನ ಸೆಟ್ಟಿಂಗಿನಲ್ಲೇ ಈ ಲೆಕ್ಕ ಕೊಟ್ಟಿದ್ದಾರೆ – ಸೆಕೆಂಡಿಗೆ 30 ಫ್ರೇಮಿನ ಪೂರ್ಣ ಎಚ್‌ಡಿ ಚಿತ್ರಕ್ಕೆ ಹೊಸ ವಿಧಾನದಲ್ಲಿ ನಿಮಿಷಕ್ಕೆ ಸುಮಾರು 60 ಎಂಬಿ, ಹಳೆಯದರಲ್ಲಿ 130 ಎಂಬಿ. ಹಳೆಯ ಟಿವಿಯಲ್ಲಿ ಓಡಬೇಕೆಂದು ಎಚ್.264ಕ್ಕೆ ಬದಲಿಸಿದರೆ ಇಮ್ಮಡಿ ಆಗುವುದು ಸಹಜ. ಇದು ತಪ್ಪಲ್ಲ, ಅಗತ್ಯಕ್ಕೆ ತೆತ್ತ ಬೆಲೆ.

'ಬೆಸ್ಟ್ ಕ್ವಾಲಿಟಿ' ಗುಂಡಿ: ಬದಲಿಸುವ ತಂತ್ರಾಂಶಕ್ಕೆ ನಮ್ಮ ಮೂಲ ಫೈಲು ಎಷ್ಟು ತೂಕದ್ದು ಎಂಬ ಹಂಗಿಲ್ಲ. ನಾವು ಸೆಕೆಂಡಿಗೆ 50 ಮೆಗಾಬಿಟ್ ಎಂದು ಕೊಟ್ಟರೆ 17ರ ಫೈಲನ್ನೂ 50ರಲ್ಲೇ ಬರೆಯುತ್ತದೆ. ಮೂರು ಪಟ್ಟು ಆಯಿತು. ನೆರೆಮನೆಯವರೊಬ್ಬರು ಗುಣಮಟ್ಟದ ಅಂಕಿಯನ್ನು ಸೊನ್ನೆಗೆ ಇಟ್ಟಿದ್ದರು. ಆ ಬಗೆಯ ತಂತ್ರಾಂಶಗಳಲ್ಲಿ ಅಂಕಿ ಸಣ್ಣದಾದಷ್ಟು ಫೈಲು ದೊಡ್ಡದು. ಸೊನ್ನೆ ಎಂದರೆ ಏನನ್ನೂ ಬಿಡಬೇಡ ಎಂದು ಅರ್ಥ. ರಾತ್ರಿ ಹಚ್ಚಿ ಮಲಗಿದವರು ಬೆಳಗ್ಗೆ ಎದ್ದು ನೋಡುವಾಗ ಡಿಸ್ಕು ಭರ್ತಿ, ಕೆಲಸ ಅರ್ಧದಲ್ಲಿ.

ಕತ್ತಲೆ, ಮಳೆ, ಎಲೆ: ಸುರಂಗದ ಒಳಗೆ ಟಾರ್ಚು ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ನುಚ್ಚಕ್ಕಿ ಚೆಲ್ಲಿದ ಹಾಗೆ ಚುಕ್ಕಿಗಳು ಕುಣಿಯುತ್ತವೆ. ಬೆಳಕು ಸಾಲದಾಗ ಕ್ಯಾಮರಾ ಮಾಡುವ ಗಲಿಬಿಲಿ ಅದು. ಪ್ರತಿ ಫ್ರೇಮಿನಲ್ಲೂ ಚುಕ್ಕಿ ಬೇರೆ ಬೇರೆ ಕಡೆ ಇರುವುದರಿಂದ 'ನಿನ್ನೆಯಂತೆ' ಎಂದು ಬರೆಯಲಾಗುವುದಿಲ್ಲ. ಗಾಳಿಗೆ ಆಡುವ ಅಡಿಕೆ ಸೋಗೆ, ಔಷಧಿ ಬಿಡುವಾಗಿನ ತುಂತುರು, ಸುರಿಯುವ ಮಳೆ – ಇವೂ ಹಾಗೆ. ಗುಣಮಟ್ಟ ಇಷ್ಟು ಇರಲೇಬೇಕೆಂದು ಪಟ್ಟು ಹಿಡಿದು ಬದಲಿಸಿದರೆ, ತಂತ್ರಾಂಶ ಆ ಚುಕ್ಕಿಗಳನ್ನೂ ಅಮೂಲ್ಯವೆಂದು ತಿಳಿದು ಒಂದೊಂದನ್ನೇ ಬರೆಯುತ್ತ ಕೂರುತ್ತದೆ.

ಅಳತೆ ಹಿಗ್ಗಿಸುವುದು: ಪೂರ್ಣ ಎಚ್‌ಡಿಯನ್ನು 4ಕೆ ಎಂದು ಬದಲಿಸಿದರೆ ಚುಕ್ಕಿ ನಾಲ್ಕು ಪಟ್ಟು. 25 ಫ್ರೇಮಿನದ್ದನ್ನು 50 ಎಂದು ಮಾಡಿದರೆ ಫ್ರೇಮು ಎರಡು ಪಟ್ಟು. ಸುಲಿದ ಅಡಿಕೆ ಅಷ್ಟೇ, ಗೋಣಿ ಹೆಚ್ಚು.

ಗೋಣಿ ಬದಲಿಸಿದರೆ ಸಾಕಿತ್ತು

ನನಗೆ ಹೆಚ್ಚು ಹೊಟ್ಟೆ ಉರಿದದ್ದು ಅಳಿಯ ಕೊನೆಗೆ ಹೇಳಿದ ಮಾತಿಗೆ. ಶಾಲೆಯ ಟಿವಿಯಲ್ಲಿ ಓಡಿಸುವುದಷ್ಟೇ ಆಗಿದ್ದರೆ ಚಿತ್ರವನ್ನು ಬದಲಿಸಬೇಕಾಗಿಯೇ ಇರಲಿಲ್ಲ.

ಫೈಲಿನ ಹೆಸರಿನ ಬಾಲದಲ್ಲಿ ಬರುವ ಎಂಟಿಎಸ್, ಎಂಪಿ4, ಎಂಒವಿ, ಎವಿಐ, ಎಂಕೆವಿ – ಇವೆಲ್ಲ ಗೋಣಿಯ ಹೆಸರು, ಒಳಗಿನ ಅಡಿಕೆಯದ್ದಲ್ಲ. ಚಾಲಿ ಅಡಿಕೆಯನ್ನು ಸೆಣಬಿನ ಗೋಣಿಯಲ್ಲಿ ತುಂಬಿದರೂ ಪ್ಲಾಸ್ಟಿಕ್ ಗೋಣಿಯಲ್ಲಿ ತುಂಬಿದರೂ ಅದು ಚಾಲಿಯೇ. ನನ್ನ ಎಂಟಿಎಸ್ ಗೋಣಿಯ ಒಳಗೆ ಇದ್ದದ್ದು ಎಚ್.264 ಚಿತ್ರ. ಶಾಲೆಯ ಟಿವಿಗೆ ಎಚ್.264 ಗೊತ್ತಿತ್ತು, ಎಂಟಿಎಸ್ ಎಂಬ ಗೋಣಿ ಮಾತ್ರ ಗೊತ್ತಿರಲಿಲ್ಲ. ಒಳಗಿನ ಚಿತ್ರವನ್ನು ಮುಟ್ಟದೆ ಎಂಪಿ4 ಗೋಣಿಗೆ ಸುರಿದರೆ ಮುಗಿಯಿತು.

ಉಳಿದಿದ್ದ ಎರಡು ಫೈಲನ್ನು ಅಳಿಯ ಹಾಗೆಯೇ ಮಾಡಿದ. ಬಳಸಿದ್ದು ಅವಿಡೆಮಕ್ಸ್ ಎಂಬ ಉಚಿತ ತಂತ್ರಾಂಶ. ಚಿತ್ರಕ್ಕೂ ಸ್ವರಕ್ಕೂ 'ಕಾಪಿ' ಎಂದು ಆರಿಸಿ, ಹೊರಗೆ ಬರುವ ರೂಪಕ್ಕೆ ಎಂಪಿ4 ಎಂದು ಕೊಟ್ಟ. ಚಾ ಕುಡಿದು ಮುಗಿಯುವಾಗ ಕೆಲಸ ಆಗಿತ್ತು. ಗಾತ್ರ ಹೆಚ್ಚುಕಮ್ಮಿ ಮೊದಲಿನಷ್ಟೇ. ಚಿತ್ರ ಬಂದು ಸ್ವರ ಬಾರದಿದ್ದರೆ ಸ್ವರವನ್ನು ಮಾತ್ರ ಎಎಸಿ ಎಂಬ ರೂಪಕ್ಕೆ ಬದಲಿಸಿದರೆ ಸಾಕಂತೆ. ಎಫ್‌ಎಫ್‌ಎಂಪೆಗ್, ಲಾಸ್‌ಲೆಸ್‌ಕಟ್ ಎಂಬ ಉಚಿತ ತಂತ್ರಾಂಶಗಳಲ್ಲೂ ಗೋಣಿ ಬದಲಾವಣೆ ಆಗುತ್ತದೆ.

ಸರಿ, ಅಸಲು ನಷ್ಟ ಎಲ್ಲಾಯಿತು? ಮೂಲದ 15 ಜಿಬಿ 16 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತಿತ್ತು. ಮೂರು ಪೆನ್‌ಡ್ರೈವಿಗೆ ಹಾಕಿ ಮೂರು ಮನೆಯಲ್ಲಿ ಇಡಬಹುದಿತ್ತು. 110 ಜಿಬಿ ಆದ ಕಾರಣ ಒಂದೇ ಕಡೆ ಉಳಿಯಿತು. ನೆಲಕ್ಕೆ ಬಿದ್ದದ್ದು ಆ ಒಂದೇ.

ನಾನು ಈಗ ಪಾಲಿಸುವ ಕ್ರಮ

1. ಮೂಲ ಫೈಲು ಬೀಜದಡಿಕೆ ಇದ್ದ ಹಾಗೆ. ಕ್ಯಾಮರಾದಿಂದ ಅಥವಾ ಫೋನಿನಿಂದ ಬಂದದ್ದನ್ನು ಅದೇ ರೂಪದಲ್ಲಿ ಇಡುತ್ತೇನೆ. ಬದಲಿಸಿದ್ದು ಎಷ್ಟೇ ದೊಡ್ಡದಿರಲಿ, ಮೂಲವನ್ನು ಅಳಿಸುವುದಿಲ್ಲ. ಜಾಗ ಬೇಕಾದರೆ ಬದಲಿಸಿದ್ದನ್ನೇ ಅಳಿಸುತ್ತೇನೆ. ಮೂಲ ಇದ್ದರೆ ಅದನ್ನು ಯಾವಾಗ ಬೇಕಾದರೂ ಮತ್ತೆ ಮಾಡಬಹುದು.

2. ಎರಡು ಬೇರೆ ಸಾಧನದಲ್ಲಿ ಎರಡು ಪ್ರತಿ. ಒಂದು ನಮ್ಮ ಮನೆಯಲ್ಲಿ, ಇನ್ನೊಂದು ತಂಗಿಯ ಮನೆಯಲ್ಲಿ. ವರ್ಷಕ್ಕೊಮ್ಮೆ ಎರಡನ್ನೂ ಓಡಿಸಿ ನೋಡುವುದು. ಕಪಾಟಿನಲ್ಲಿಟ್ಟು ಮರೆತ ಬೀಜದಂತೆ ಇದೂ ಮೊಳಕೆ ಕಳೆದುಕೊಳ್ಳಬಹುದು.

3. ಬದಲಿಸುವ ಮೊದಲು ಒಳಗೆ ಏನುಂಟು ನೋಡುವುದು. ವಿಎಲ್‌ಸಿ ಪ್ಲೇಯರಿನಲ್ಲಿ ವಿಡಿಯೊ ತೆರೆದು 'ಟೂಲ್ಸ್' ಎಂಬಲ್ಲಿ 'ಕೋಡೆಕ್ ಇನ್ಫರ್ಮೇಶನ್' ಒತ್ತಿದರೆ ಕೋಡೆಕ್, ಚುಕ್ಕಿಗಳ ಅಳತೆ, ಫ್ರೇಮಿನ ಲೆಕ್ಕ ಕಾಣುತ್ತದೆ.

4. ಗೋಣಿ ಬದಲಿಸಿದರೆ ಸಾಕಾಗುತ್ತದೋ ಎಂದು ಮೊದಲು ಪ್ರಯತ್ನ. ಸಾಲದಿದ್ದರೆ ಮಾತ್ರ ಒಳಗಿನದ್ದನ್ನು ಬದಲಿಸುವುದು.

5. ಬದಲಿಸಲೇಬೇಕಾದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ನನಗೆ ಹಿಡಿಸಿದೆ. ಪೂರ್ಣ ಎಚ್‌ಡಿಗೆ ಗುಣಮಟ್ಟದ ಅಂಕಿ 20ರಿಂದ 24ರ ಒಳಗೆ. ಅಳತೆ, ಫ್ರೇಮಿನ ಲೆಕ್ಕ ಮೂಲದ್ದೇ.

6. ಮೊದಲು ಒಂದು ನಿಮಿಷದ ತುಂಡನ್ನು ಬದಲಿಸಿ ನೋಡುವುದು. ಅದರ ಗಾತ್ರವನ್ನು ಒಟ್ಟು ನಿಮಿಷದಿಂದ ಗುಣಿಸಿದರೆ ಎಷ್ಟು ಜಾಗ ಬೇಕೆಂದು ಅಂದಾಜು ಸಿಗುತ್ತದೆ. ಇಡೀ ತೋಟಕ್ಕೆ ಹೊಸ ಗೊಬ್ಬರ ಹಾಕುವ ಮೊದಲು ನಾಲ್ಕು ಮರಕ್ಕೆ ಹಾಕಿ ನೋಡುವುದಿಲ್ಲವೇ?

7. ಪೆನ್‌ಡ್ರೈವು 'ಫೈಲು ದೊಡ್ಡದು' ಎಂದರೆ ಜಾಗ ಇಲ್ಲ ಎಂದೇ ಅರ್ಥವಲ್ಲ. ಫ್ಯಾಟ್32 ಎಂಬ ಹಳೆಯ ಕ್ರಮದಲ್ಲಿ ಸಿದ್ಧಮಾಡಿದ ಪೆನ್‌ಡ್ರೈವಿಗೆ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಹೋಗುವುದಿಲ್ಲ. ಎಕ್ಸ್‌ಫ್ಯಾಟ್ ಎಂದು ಫಾರ್ಮ್ಯಾಟ್ ಮಾಡಿದರೆ ಹೋಗುತ್ತದೆ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದು ಅಳಿಯುತ್ತದೆ, ಮೊದಲು ಬೇರೆ ಕಡೆ ತೆಗೆದಿಡಿ.

8. ಎಡಿಟ್ ಮಾಡಿಸುವಾಗ ಸ್ಟುಡಿಯೊದವರು ದೊಡ್ಡ ರೂಪಕ್ಕೆ ಬದಲಿಸಿಕೊಂಡರೆ ಬೇಡ ಎನ್ನಬೇಡಿ. ಅವರ ಕೆಲಸಕ್ಕೆ ಅದು ಬೇಕು. ಕೆಲಸ ಮುಗಿದ ಮೇಲೆ ಮೂಲವನ್ನೂ ತಯಾರಾದ ಚಿತ್ರವನ್ನೂ ತೆಗೆದುಕೊಂಡರೆ ಸಾಕು. ನಡುವಿನದ್ದು ಅಡಿಕೆ ಸುಲಿದ ಮೇಲಿನ ಸಿಪ್ಪೆ.

ಇಂದೇ ನೋಡಿ

ಈಗ ಪ್ರತಿ ಕೃಷಿಕನ ಜೇಬಿನಲ್ಲೂ ಕ್ಯಾಮರಾ ಉಂಟು. ಕಸಿ ಕಟ್ಟುವ ಕೈ, ಮರ ಹತ್ತುವ ಕ್ರಮ, ಹಳೆಯ ತಳಿಯ ಭತ್ತ, ಅಮ್ಮ ಹಲಸಿನ ಹಪ್ಪಳ ಒತ್ತುವ ರೀತಿ – ಬೇಕಾದಷ್ಟು ಚಿತ್ರ ತೆಗೆದಿರುತ್ತೇವೆ. ಅದರಲ್ಲಿ ಕೆಲವು ಮಂದಿ ಈಗ ಇಲ್ಲ. ಅವರ ಫೈಲು ಎಲ್ಲುಂಟು, ಯಾವ ರೂಪದಲ್ಲುಂಟು, ಎಷ್ಟು ಕಡೆ ಉಂಟು ಎಂದು ಇಂದು ರಾತ್ರಿಯೇ ಒಮ್ಮೆ ನೋಡಿಬಿಡಿ.

ಉಳಿದ ಒಂದು ಗಂಟೆಯ ಅಜ್ಜನ ಮಾತು ಈಗ ಮೂರು ಮನೆಯಲ್ಲಿದೆ. ಒಂದೊಂದು ಕಡೆ 8 ಜಿಬಿಗಿಂತ ಕಡಿಮೆ ಜಾಗ. ಅದರ ಕೊನೆಯಲ್ಲಿ ಅಜ್ಜ ವೀಳ್ಯ ಜಗಿಯುತ್ತ, 'ನಾಳೆ ಗುಡ್ಡಕ್ಕೆ ಹೋಗುವ, ಬಾಕಿ ಎಲ್ಲ ಅಲ್ಲಿ ತೋರಿಸ್ತೇನೆ' ಎನ್ನುತ್ತಾರೆ.

ಆ ನಾಳೆಯ ಚಿತ್ರ ನನ್ನಲ್ಲಿ ಇಲ್ಲ. ಅವರು ಹೇಳಿದ್ದರಲ್ಲಿ ನೆನಪಿದ್ದಷ್ಟನ್ನು ಕೆಲಸದವರ ಲೆಕ್ಕದ ಪುಸ್ತಕದಲ್ಲೇ ಬರೆದಿಡಲು ಶುರುಮಾಡಿದ್ದೇನೆ. ಇದುವರೆಗೆ ಹನ್ನೊಂದು ಪುಟ ಆಗಿದೆ.